ಕನ್ನಡಿ ಪರೀಕ್ಷೆ: ಪ್ರಾಣಿಗಳಿಗೆ 'ನಾನು' ಎಂಬ ಅರಿವಿದೆಯೇ?

ಪ್ರಜ್ಞೆಯನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ವರ್ತನೆ ನೋಡಿ ಊಹಿಸಬೇಕು. ಅದಕ್ಕೊಂದು ದಾರಿ ತೋರಿದವರು ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಗ್ಯಾಲಪ್ (1970). ಕನ್ನಡಿಗೆ ಒಗ್ಗಿದ ಚಿಂಪಾಂಜಿಗಳಿಗೆ ಅರಿವಳಿಕೆ ಕೊಟ್ಟು, ಹುಬ್ಬು ಮತ್ತು ಕಿವಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಚ್ಚಿದರು. ಎಚ್ಚರವಾದ ಮೇಲೆ ಅವು ಕನ್ನಡಿ ನೋಡುತ್ತಾ ಮುಟ್ಟಿಕೊಂಡದ್ದು ತಮ್ಮದೇ ಹುಬ್ಬನ್ನು! ಅಂದರೆ, ಕನ್ನಡಿಯಲ್ಲಿ ಕಂಡದ್ದು ತಾವೇ ಎಂದು ಅವು ಗುರುತಿಸಿದವು.

ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಹೀಗೆಯೇ ಪರೀಕ್ಷಿಸಿದ ಮೂರು ಏಷ್ಯನ್ ಆನೆಗಳ ಪೈಕಿ ಹ್ಯಾಪಿ ಎಂಬ ಹೆಣ್ಣಾನೆ ಮಾತ್ರ ತಲೆಯ ಮೇಲಿನ ಬಿಳಿ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿತು (ವರದಿ: 2006). ಮ್ಯಾಗ್‌ಪೈ ಹಕ್ಕಿ (2008), ಕ್ಲೀನರ್ ರಾಸ್ ಮೀನು (2019) ಕೂಡ ತೇರ್ಗಡೆಯಾದ ಪ್ರಾಣಿಗಳ ಪಟ್ಟಿಯಲ್ಲಿವೆ. ಮೀನಿನ ಫಲಿತಾಂಶ ವಿವಾದಿತ.

ನಾಯಿ ಇದರಲ್ಲಿ ತೇರ್ಗಡೆಯಾಗುವುದಿಲ್ಲ. ಆದರೆ ಅದು ಜಗತ್ತನ್ನು ಅರಿಯುವುದು ಮುಖ್ಯವಾಗಿ ಮೂಗಿನಿಂದ. ಕಣ್ಣಿನ ಪರೀಕ್ಷೆಯಲ್ಲಿ ಸೋತಿತೆಂದು ಅದಕ್ಕೆ ಪ್ರಜ್ಞೆಯೇ ಇಲ್ಲ ಎನ್ನುವುದು ಅನ್ಯಾಯ. ಸ್ವಪ್ರಜ್ಞೆ ಬೇರೆ, ನೋವು-ನಲಿವನ್ನು ಅನುಭವಿಸುವ ಶಕ್ತಿ ಬೇರೆ. ಇವೆರಡನ್ನು ಬೆರೆಸಬೇಡಿ.

ನೆನಪಿಡಿ: ಪ್ರಜ್ಞೆ ಕುರಿತ ವಿಜ್ಞಾನಿಗಳ ಕೇಂಬ್ರಿಜ್ ಘೋಷಣೆ, 7 ಜುಲೈ 2012. ಸಸ್ತನಿ, ಪಕ್ಷಿಗಳಷ್ಟೇ ಅಲ್ಲ, ಆಕ್ಟೋಪಸ್‌ಗೂ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆಯಿದೆ ಎಂದು ಅದು ಸಾರಿತು. ಬ್ರಿಟನ್ನಿನ 2022ರ ಪ್ರಾಣಿ ಕಲ್ಯಾಣ ಕಾಯ್ದೆ ಸಂವೇದನಾಶೀಲ ಜೀವಿಗಳ ಸಾಲಿಗೆ ಆಕ್ಟೋಪಸ್ ಮತ್ತು ಏಡಿಯನ್ನೂ ಸೇರಿಸಿತು.