ತಾಂಡೂರಿನ ಹಳೇ ಟ್ರ್ಯಾಕ್ಟರ್‌ಗೆ ಮುಂಗಡ ಕೊಡಲೇ?

ಪ್ರಶ್ನೆ: ಸೇಡಂ ತಾಲ್ಲೂಕಿನ ರೈತ. ತೊಗರಿ ಹೊಲಕ್ಕೆಂದು ತೆಲಂಗಾಣದ ತಾಂಡೂರಿನಲ್ಲಿ ಹಳೇ ಟ್ರ್ಯಾಕ್ಟರ್ ನೋಡಿದ್ದೇನೆ. ಅಗ್ಗ, ಆದರೆ ‘ಕಾಗದ ಆಮೇಲೆ’ ಎನ್ನುತ್ತಾರೆ.

ಉತ್ತರ: ಕಾಗದ ಇಲ್ಲದೆ ಒಂದು ರೂಪಾಯಿಯೂ ಬೇಡ. ಆರ್‌ಸಿಯ ಚಾಸಿ, ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನವಕ್ಕೆ ಹೋಲಿಸಿ. ಉಜ್ಜಿದ ಗುರುತಿದ್ದರೆ ಎದ್ದು ಬನ್ನಿ. ಸಾಲದ ನಮೂದಿದ್ದರೆ ಸಾಲ ತೀರಿದೆಯೆಂದು ಬ್ಯಾಂಕ್ ಸಹಿ ಮಾಡಿದ ಫಾರಂ 35 ಬೇಕು. ಬೇರೆ ರಾಜ್ಯದ ಗಾಡಿಯಾದ್ದರಿಂದ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಇವು ಮತ್ತು ಮಾಲೀಕತ್ವ ವರ್ಗಾವಣೆಯ ಸಹಿಯಾದ ಫಾರಂ 29, 30 ಕೈಸೇರಿದ ದಿನವೇ ಹಣ, ಅದೂ ಬ್ಯಾಂಕ್ ಮೂಲಕ. ಇಲ್ಲಿನ ತೆರಿಗೆ, ಕೆಎ 32 ನಂಬರಿನ ಖರ್ಚನ್ನು ಕಲಬುರಗಿ ಆರ್‌ಟಿಒದಲ್ಲಿ ಮೊದಲೇ ಕೇಳಿ. ಅಗ್ಗ ಅಲ್ಲೇ ಕರಗಬಹುದು.

ತಾಂಡೂರಿನಲ್ಲೂ ಶಹಾಬಾದಿನಂತೆ ಕಲ್ಲುಗಣಿಗಳಿವೆ. ಕಲ್ಲಿನ ಟ್ರಾಲಿ ಎಳೆದ ಗಾಡಿಯೋ ವಿಚಾರಿಸಿ: ಕ್ಲಚ್, ಗೇರ್‌ಬಾಕ್ಸ್ ಸವೆದಿರುತ್ತವೆ, ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನಿಲ್ಲದ ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಹಾಲಿನ ಬಣ್ಣದ್ದಾಗಿದ್ದರೆ ನೀರು ಸೇರಿದೆ. ಮೆಕ್ಯಾನಿಕ್ ನಿಮ್ಮವರೇ ಇರಲಿ, ದಲ್ಲಾಳಿ ಕರೆತಂದವರು ಬೇಡ.

ಆರ್‌ಸಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ವಕೀಲರನ್ನು ಕಾಣದೆ ಮುಂದುವರಿಯಬೇಡಿ. ಕೊಂಡ ಮೇಲೆ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ.