ವಕೀಲರಿಂದ ಲೋಕಸಭಾಧ್ಯಕ್ಷರವರೆಗೆ: ಕೆ. ಎಸ್. ಹೆಗ್ಡೆ

ಗಿರಣಿಯಲ್ಲಾಗಲಿ ಕಚೇರಿಯಲ್ಲಾಗಲಿ ದುಡಿಯುವ ನಮಗೆ ಸೀನಿಯಾರಿಟಿಯ ಬೆಲೆ ಚೆನ್ನಾಗಿ ಗೊತ್ತು. ಬಡ್ತಿಯ ಸರದಿ ಬಂದಾಗ ಕಿರಿಯನೊಬ್ಬನನ್ನು ಮುಂದೆ ಕೂರಿಸಿದರೆ ಆಗುವ ಸಂಕಟವನ್ನು ಅನುಭವಿಸಿದವನೇ ಬಲ್ಲ. ಇಂಥ ಸಂಗತಿ ಸುಪ್ರೀಂ ಕೋರ್ಟಿನಲ್ಲಿಯೇ ನಡೆದಾಗ ಕನ್ನಡನಾಡಿನ ನ್ಯಾಯಮೂರ್ತಿಯೊಬ್ಬರು ಏನು ಮಾಡಿದರೆಂಬುದನ್ನು ಈ ಸಲ ತಿಳಿಯೋಣ.

ಕೌಡೂರು ಸದಾನಂದ ಹೆಗ್ಡೆಯವರು 1909ರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಜನಿಸಿದರು. ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು. 1947ರಿಂದ 1951ರವರೆಗೆ ಸರ್ಕಾರಿ ವಕೀಲರಾಗಿದ್ದರು. 1952ರಲ್ಲಿ ರಾಜ್ಯಸಭೆಗೆ ಆರಿಸಿಬಂದರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ರಾಜ್ಯದಲ್ಲಿತ್ತು. ರಾಜ್ಯಸಭೆಯ ಸದಸ್ಯರನ್ನು ನಾವು ನೇರವಾಗಿ ಆರಿಸುವುದಿಲ್ಲ, ರಾಜ್ಯದ ಶಾಸಕರು ಆರಿಸುತ್ತಾರೆ ಎಂಬುದು ನೆನಪಿರಲಿ. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾಗಿ, ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದರು.

ಆಗ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಹೂಡಿದ್ದ ದಾವೆ ದೊಡ್ಡ ಪ್ರಶ್ನೆಯೊಂದನ್ನು ಎತ್ತಿತು. ಬಹುಮತವಿದೆಯೆಂದು ಸಂಸತ್ತು ಸಂವಿಧಾನವನ್ನು ಹೇಗೆ ಬೇಕಾದರೂ ಬದಲಿಸಬಹುದೇ? 13 ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7 ಮಂದಿಯ ಬಹುಮತದಿಂದ ತೀರ್ಪು ಬಂತು: ತಿದ್ದುಪಡಿ ಮಾಡಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆಯವರು ಈ ಏಳು ಮಂದಿಯಲ್ಲಿ ಒಬ್ಬರು.

ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದೊಡನೆ ಸರ್ಕಾರವು ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಬಿಟ್ಟು, ಇವರಿಗಿಂತ ಕಿರಿಯರಾದ ಎ. ಎನ್. ರೇ ಅವರನ್ನು ಆ ಪದವಿಗೆ ನೇಮಿಸಿತು. ಮೂವರೂ ಬಹುಮತದ ಕಡೆಗಿದ್ದವರು. ರೇ ಅವರು ಭಿನ್ನಮತದವರು. ಸುಮ್ಮನಿದ್ದಿದ್ದರೆ ಹೆಗ್ಡೆಯವರಿಗೆ ಇನ್ನೂ ಒಂದು ವರ್ಷದ ಸೇವೆಯಿತ್ತು. ಮೂವರೂ ರಾಜೀನಾಮೆ ಕೊಟ್ಟರು.

ತುರ್ತು ಪರಿಸ್ಥಿತಿಯ ತರುವಾಯ, 1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸಿಗೆ ಹೋದವು. ಉಳಿದ ಎರಡರಲ್ಲಿ ಬೆಂಗಳೂರು ದಕ್ಷಿಣ ಒಂದು. ಅಲ್ಲಿ ಜನತಾ ಪಕ್ಷದಿಂದ ಗೆದ್ದವರು ಹೆಗ್ಡೆಯವರು. ಅದೇ ಜುಲೈಯಲ್ಲಿ ಲೋಕಸಭೆಯ ಅಧ್ಯಕ್ಷರಾದರು. 1980ರ ಜನವರಿಯವರೆಗೆ ಆ ಪೀಠದಲ್ಲಿದ್ದರು. 1990ರಲ್ಲಿ ತೀರಿಕೊಂಡರು.

ಕುರ್ಚಿ ಕೈತಪ್ಪಿದ್ದಕ್ಕೆ ಅವರು ಕೈಕಟ್ಟಿ ಕೂರಲಿಲ್ಲ. ನಮಗೆ ರಾಜೀನಾಮೆ ಕೊಡುವ ಅನುಕೂಲವಿಲ್ಲದಿರಬಹುದು. ಮನೆಯಲ್ಲಿ ಒಲೆ ಉರಿಯಬೇಕು. ಆದರೆ ನಿಯಮವೇನು, ನಮ್ಮ ಹಕ್ಕೇನು ಎಂದು ಓದಿ ತಿಳಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪಾಳಿ ಮುಗಿಸಿ ಬಂದ ಮೇಲೆ ಅರ್ಧ ಗಂಟೆ ವಾಚನಾಲಯದಲ್ಲಿ ಕುಳಿತು ಸಂವಿಧಾನದ ನಾಲ್ಕು ಪುಟ ತಿರುವಿ ಹಾಕೋಣ.