ಒಬ್ಬರ ದೂರು, ಎಲ್ಲರ ದಾವೆ

ದಾವೆ, ವಕೀಲ, ಅರ್ಜಿ ನಮ್ಮ ಮನೆಯ ಉರ್ದುವಿನಲ್ಲೂ ಇರುವ ಪದಗಳು. 'ಕ್ಲಾಸ್ ಆಕ್ಷನ್' ಮಾತ್ರ ನನಗೆ ಹೊಸದು.

ಅಬ್ಬೆತುಮಕೂರಿನ ನೂರು ರೈತರ ಹೊಲದಲ್ಲಿ ಒಂದೇ ಕಂಪನಿಯ ಹತ್ತಿ ಬೀಜ ಮೊಳಕೆ ಒಡೆಯಲಿಲ್ಲ ಎಂದುಕೊಳ್ಳಿ. ಒಬ್ಬೊಬ್ಬರ ನಷ್ಟ ಕೆಲವು ಸಾವಿರ. ಅಷ್ಟಕ್ಕೆ ಯಾರು ಅಲೆದಾಡುತ್ತಾರೆ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 35(1)(ಸಿ) ಪ್ರಕಾರ, ಆಯೋಗದ ಅನುಮತಿ ಪಡೆದು ಒಬ್ಬಿಬ್ಬರೇ ಎಲ್ಲರ ಪರವಾಗಿ ದೂರು ಕೊಡಬಹುದು. ಉಳಿದವರಿಗೆ ನೋಟಿಸ್ ಅಥವಾ ಪ್ರಕಟಣೆ ಮೂಲಕ ತಿಳಿಸಬೇಕು, ಏಕೆಂದರೆ ತೀರ್ಪು ಅವರಿಗೂ ಅನ್ವಯಿಸುತ್ತದೆ.

ಆದರೆ ಎಲ್ಲರ ಹಿತ ಒಂದೇ ಎಂದು ತೋರಿಸಬೇಕು. ಬೆಂಗಳೂರಿನ ಬ್ರಿಗೇಡ್ ಪ್ರಕರಣ ನಿಂತದ್ದು ಇಲ್ಲೇ. 1,134 ಫ್ಲಾಟ್‌ಗಳ ಪೈಕಿ 51ನ್ನು ಕೊಂಡ 91 ಮಂದಿ, ಮನೆ ಕೊಡಲು ತಡವಾಯಿತೆಂದು ಎಲ್ಲರ ಪರವಾಗಿ ದೂರಿದ್ದರು. ಉಳಿದವರ ಹಿತವೂ ಇದೇ ಎನ್ನಲು ದೂರಿನಲ್ಲಿ ಸಾಕಷ್ಟು ವಿವರವಿಲ್ಲ ಎಂದ ಸುಪ್ರೀಂ ಕೋರ್ಟ್, 2021ರ ಡಿಸೆಂಬರ್‌ನಲ್ಲಿ ಅದನ್ನು ಆ 91 ಮಂದಿಯ ಜಂಟಿ ದೂರಾಗಿ ಮಾತ್ರ ನಡೆಸಲು ಬಿಟ್ಟಿತು.

ನಾವು ಕಾಮರ್ಸ್‌ನವರು ತಿಳಿಯಬೇಕಾದದ್ದು ಕಂಪನಿ ಕಾಯ್ದೆ 2013ರ ಕಲಂ 245. 2009ರಲ್ಲಿ ಸತ್ಯಂ ಹಗರಣ ಹೊರಬಿದ್ದಾಗ ಇದು ಇರಲಿಲ್ಲ. ಅಮೆರಿಕದಲ್ಲಿ ದಾವೆ ಹೂಡಿದ ಹೂಡಿಕೆದಾರರಿಗೆ ಕಂಪನಿ 12.5 ಕೋಟಿ ಡಾಲರ್ ಕೊಡಲು ಒಪ್ಪಿತು. ಅದೇ ಕಂಪನಿಯ ಷೇರನ್ನು ಇಲ್ಲಿ ಕೊಂಡವರಿಗೆ ಅಂಥ ದಾರಿಯೇ ಇರಲಿಲ್ಲ! ಈಗ 100 ಷೇರುದಾರರು ಅಥವಾ ಒಟ್ಟು ಷೇರುದಾರರ ಶೇ. 5ರಷ್ಟು, ಯಾವುದು ಕಡಿಮೆಯೋ ಅಷ್ಟು ಜನ ಸೇರಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಅದರ ಒಂದು ಪೀಠ ಬೆಂಗಳೂರಿನಲ್ಲೇ ಇದೆ.